ದ್ಯಾವಯ್ಯನಿಗೆ ಬಂದ ಸಂಚಕಾರ

ದನದ ದಲ್ಲಾಳಿ ಸುಳ್ಳಿನ ಮೇಲೆ ಬದುಕುತ್ತಾನೆ ಅಂತ ನಮ್ಮ ಕಡೆ ಜನ ಹೇಳುವುದುಂಟು. ಅನ್ಯಾಯದ ಮಾತು. ದಲ್ಲಾಳಿ ತಾನಾಗಿ ಸುಳ್ಳು ಹೇಳುವುದು ಕಡಿಮೆ. ಮಾರುವವನ ಸುಳ್ಳನ್ನು ಕೊಳ್ಳುವವನಿಗೆ ದಾಟಿಸುತ್ತಾನೆ, ಕೊಳ್ಳುವವನ ಸುಳ್ಳನ್ನು ಮಾರುವವನಿಗೆ ದಾಟಿಸುತ್ತಾನೆ, ದಾಟಿಸಿದ ಶ್ರಮಕ್ಕೆ ತನ್ನದೂ ಒಂದನ್ನು ನಡುವೆ ಸೇರಿಸುತ್ತಾನೆ. ದ್ಯಾವಯ್ಯ ಈ ಕೆಲಸದಲ್ಲಿ ಎಷ್ಟು ಪಳಗಿದ್ದನೆಂದರೆ, ಕುಂಟುವ ಎತ್ತನ್ನು "ನಡಿಗೇಲಿ ಗತ್ತು ಅದೆ" ಅಂತ ಹೊಗಳಿ ಮಾರಿ, ಕೊಂಡವನ ಕೈಯಿಂದಲೇ ಟೀ ಕುಡಿಸಿಕೊಂಡು ಬರುತ್ತಿದ್ದ.

ನಾನು ಹಗ್ಗದ ವ್ಯಾಪಾರಿ. ಪಾಂಡವಪುರದಲ್ಲಿ ಅಂಗಡಿ. ಸಂತೆಯ ದಿನಗಳಲ್ಲಿ ಮೂಗುದಾರ, ದನ ಕಟ್ಟುವ ಕಣ್ಣಿ, ಕೊರಳ ಗಂಟೆ ಎಲ್ಲವನ್ನೂ ಗಂಟು ಕಟ್ಟಿಕೊಂಡು ಕೆ.ಆರ್. ಪೇಟೆ, ನಾಗಮಂಗಲ, ಬೂಕನಕೆರೆ ಅಂತ ತಿರುಗುತ್ತಿದ್ದೆ. ದನ ಮಾರಿದವನು ತನ್ನ ಹಗ್ಗವನ್ನು ಬಿಚ್ಚಿಕೊಂಡು ಮನೆಗೆ ಒಯ್ಯುತ್ತಾನೆ; ಹಗ್ಗ ಕೊಟ್ಟರೆ ಅದರ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳಂತೆ. ಈ ನಂಬಿಕೆಯ ದೆಸೆಯಿಂದ ಲಕ್ಷ್ಮಿ ಬರುತ್ತಿದ್ದದ್ದು ನನ್ನ ಮನೆಗೆ, ಏಕೆಂದರೆ ಕೊಂಡವನು ಹೊಸ ಹಗ್ಗಕ್ಕೆ ನನ್ನ ಹತ್ತಿರವೇ ಬರಬೇಕು. ಹಾಗಾಗಿ ವ್ಯಾಪಾರ ಕುದುರುವ ಜಾಗದ ಪಕ್ಕದಲ್ಲೇ ನಾನು ಗೋಣಿತಾಟು ಹಾಸುತ್ತಿದ್ದೆ. ದ್ಯಾವಯ್ಯ ನನ್ನ ಗೋಣಿತಾಟಿನ ಮೂಲೆಯಲ್ಲಿ ಕೂರುತ್ತಿದ್ದ. ಗೆಳೆತನ ಶುರುವಾದದ್ದು ಹಾಗೆ. ಲಾಭವಿಲ್ಲದೆ ಶುರುವಾದ ಗೆಳೆತನವನ್ನು ನಾನು ಕಂಡಿಲ್ಲ.

ಅವನದು ಕ್ಯಾತನಹಳ್ಳಿಯಿಂದಾಚೆ ಒಂದು ಸಣ್ಣ ಕೊಪ್ಪಲು. ತೆಳ್ಳಗೆ, ಉದ್ದಕ್ಕೆ, ಕಬ್ಬಿನ ಗಳದ ಹಾಗೆ ಇದ್ದ. ಹೆಂಡತಿ ಪುಟ್ಟಲಕ್ಷ್ಮಮ್ಮ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಳು. ಅಣ್ಣ ಶಿವಣ್ಣ ಕಬ್ಬು ಬೆಳೆಯುತ್ತಿದ್ದ; ಹೊಲ ಇನ್ನೂ ಒಟ್ಟಿಗೇ ಇತ್ತು. ಮಕ್ಕಳು ಅಂತ ಇದ್ದದ್ದು ಒಂದೇ ಹೆಣ್ಣು, ಚಿಕ್ಕತಾಯಿ. ಆ ಮಗುವಿಗೆ ಏಳು ವರ್ಷವಾಗಿದ್ದಾಗ ಮಿದುಳು ಜ್ವರ ಬಂತು. ಆಗ ದ್ಯಾವಯ್ಯ ದೇವರುಗಳ ಜೊತೆ ವ್ಯಾಪಾರಕ್ಕೆ ಇಳಿದ. ಬೆಟ್ಟದ ಮೇಲಿನ ದೇವರಿಗೆ ಮುಡಿ, ಕೆರೆ ಏರಿಯ ದೇವರಿಗೆ ಕುರಿ, ಶ್ರೀರಂಗಪಟ್ಟಣದ ಒಂದು ದರ್ಗಾಕ್ಕೆ ಚಾದರ. ಒಬ್ಬರು ಒಪ್ಪಲಿಲ್ಲವೆಂದರೆ ಇನ್ನೊಬ್ಬರ ಹತ್ತಿರ ಇನ್ನಷ್ಟು ಏರಿಸುತ್ತ ಹೋದ. ಮಗು ಉಳಿಯಲಿಲ್ಲ. ಹೊಲದ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು. ಅಂದಿನಿಂದ ದ್ಯಾವಯ್ಯ ಯಾವ ಗುಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. "ಕೇಳಿದ್ದಕ್ಕೆಲ್ಲ ಊಂ ಅಂದೆ ಶೆಟ್ರೆ. ಅವ್ರು ಕೈಯೇ ಕೊಡ್ಲಿಲ್ಲ" ಅಂತ ಒಂದು ಸಲ ಹೇಳಿದ್ದ. ಸಂತೆಯಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಬೆಲೆ ಮಾತಾಡುತ್ತಾರೆ. ಟವೆಲಿನ ಕೆಳಗೆ ಕೈ ಚಾಚಿ, ಆ ಕಡೆ ಕೈಯೇ ಸಿಗದಿದ್ದರೆ ಹೇಗಿರುತ್ತದೆ ಅನ್ನುವುದು ದಲ್ಲಾಳಿಗೆ ಮಾತ್ರ ಗೊತ್ತು.

ಇದೆಲ್ಲ ಆಗಿ ಎಷ್ಟೋ ಕಾಲದ ಮೇಲೆ, ತೊಂಬತ್ಮೂರರ ಸುಮಾರಿನಲ್ಲಿ, ಅವನ ಬಾಳಿಗೆ ಸಂಚಕಾರ ಬಂತು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೇಟೆಯವರಿಗೆ ಸಂಚಕಾರ ಅಂದರೆ ಕೇಡು, ಜೀವಕ್ಕೆ ಬಂದ ಕುತ್ತು. ದನದ ಸಂತೆಯ ಹಳಬರಿಗೆ ಅದು ಬೇರೆ. ಬೆಲೆ ಕುದುರಿದ ಮೇಲೆ ಪೂರಾ ಹಣ ಇಲ್ಲದಿದ್ದರೆ, ಕೊಳ್ಳುವವನು ಮಾರುವವನ ಅಂಗೈಯಲ್ಲಿ ಒಂದು ನಾಣ್ಯ ಇಟ್ಟು ಮುಚ್ಚುತ್ತಾನೆ. ಅದು ಸಂಚಕಾರ. ಆಮೇಲೆ ಹಸು ಮಾರುವವನ ಗೂಟದಲ್ಲೇ ಇದ್ದರೂ ಅದು ಅವನದಲ್ಲ. ಇನ್ನೊಬ್ಬ ಬಂದು ಎರಡರಷ್ಟು ಕೊಡುತ್ತೇನೆಂದರೂ ಬಿಚ್ಚುವ ಹಾಗಿಲ್ಲ. ಕೊಂಡವನು ಬರುವ ತನಕ ಮೇವು ಹಾಕಿ ಕಾಯಬೇಕು.

ಪಾಂಡವಪುರದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆಯಲ್ಲಿ ಕ್ರೈಸ್ತರ ಸಣ್ಣ ಸಭೆ ಸೇರುತ್ತಿತ್ತು. ಅಲ್ಲಿ ಪ್ರಾರ್ಥನೆ ನಡೆಸುತ್ತಿದ್ದವರು ದೇವಮಿತ್ರ ಉಪದೇಶಿಗಳು. ಅವರಿಗೆ ಒಂದು ಹಸು ಮಾರಬೇಕಿತ್ತು. ದ್ಯಾವಯ್ಯನಿಗೆ ಬಂದು ನೋಡಲು ಹೇಳಿದ್ದರು. ಅವನು ಭಾನುವಾರ ಹೋದ. ಒಳಗೆ ಪ್ರಾರ್ಥನೆ ನಡೆಯುತ್ತಿತ್ತು. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಾಗ ಒಳಗಿನಿಂದ ಉಪದೇಶಿಗಳ ದನಿ ಕೇಳಿತು: ದೇವರು ತಾನೇ ಮುಂದಾಗಿ ಸಂಚಕಾರ ಕೊಟ್ಟಿದ್ದಾನೆ, ಪೂರ್ತಿ ಬಿಡಿಸಿಕೊಳ್ಳುವ ದಿನದವರೆಗೆ ನಾವು ಅವನ ಸೊತ್ತು, ಅಂತ.

ದ್ಯಾವಯ್ಯ ಕೇಳಿಸಿಕೊಂಡದ್ದು ಒಂದೇ ಮಾತು. ದಲ್ಲಾಳಿಯನ್ನು ಹೊರಗೆ ಕೂರಿಸಿ ಒಳಗೆ ಯಾರೋ ಹಸುವಿಗೆ ಸಂಚಕಾರ ಕೊಟ್ಟುಬಿಟ್ಟರು! ಎಲೆಯಡಿಕೆ ಉಗಿದು ಸೀದಾ ಒಳಗೆ ನುಗ್ಗಿದ.

"ಯಾವನ್ರೀ ಕೊಟ್ಟೋನು? ಸಂಚಕಾರ ಕೊಟ್ಟೋನು ಯಾವನು? ನನ್ನ ಕರ್ಸ್ಬುಟ್ಟು ಇಂಗ್ ಮಾಡಾದಾ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ. ಉಪದೇಶಿಗಳು ನಗಲಿಲ್ಲ. "ದೇವರು ಕೊಟ್ಟಿದ್ದಾರೆ, ದ್ಯಾವಯ್ಯನವರೆ" ಅಂದರು.

"ಯಾವ ಹಸೀಗೆ?"

"ಹಸುವಿಗಲ್ಲ. ನಿಮಗೆ."

ಇದನ್ನು ಅವನು ನನಗೆ ಮುಂದಿನ ಸಂತೆಯಲ್ಲಿ ಹೇಳಿದಾಗ ನಾನು ಹಗ್ಗ ಹೊಸೆಯುವುದನ್ನು ನಿಲ್ಲಿಸಿ ನಕ್ಕೆ. ಅವನೂ ನಕ್ಕ. ಆಮೇಲೆ ನಗು ನಿಲ್ಲಿಸಿ, "ನಾನು ಉಡುಕ್ಕಂಡು ಓಗಿರ್ನಿಲ್ಲ ಶೆಟ್ರೆ" ಅಂದ. "ಹಸ ನೋಡಾಕೆ ಓಗಿದ್ದೆ. ಏನೂ ಕೇಳಿರ್ನಿಲ್ಲ. ಏನೂ ಕೊಡ್ತೀನಿ ಅಂದಿರ್ನಿಲ್ಲ."

"ಹುಡುಕದೆ ತಾನಾಗಿ ಬಂದ ಗಿರಾಕೀನ ನಂಬಬೇಡ ಕಣಯ್ಯ" ಅಂದೆ. "ಒಂದೋ ಅವನಿಗೆ ಸರಕು ಗೊತ್ತಿಲ್ಲ, ಇಲ್ಲ ಅವನ ದುಡ್ಡು ಖೋಟಾ."

"ಅದೇ ನಂಗೂ ಅನ್ಸದು. ನನ್ನಂಥ ಗೊಡ್ಡಿಗೆ ಯಾರಾರ ಮುಂದಾಗಿ ಸಂಚಕಾರ ಕೊಟ್ಟಾರಾ?"

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅವನು ಮನೆಗೆ ಹೋಗಿ ಅಣ್ಣನಿಗೂ ಹೇಳಿದ. ಶಿವಣ್ಣ ಕಬ್ಬಿನ ಗದ್ದೆಗೂ ಸೊಸೈಟಿಗೂ ನಡುವೆ ಓಡಾಡಿಕೊಂಡಿದ್ದ ಮನುಷ್ಯ. ದನದ ಸಂತೆಯ ಮಾತು ಅವನಿಗೆ ತಿಳಿಯದು. "ಅಣ್ಣ, ನಂಗೆ ದ್ಯಾವ್ರ ಕಡಿಂದ ಸಂಚಕಾರ ಬಂದದೆ" ಅಂತ ತಮ್ಮ ಅಂದದ್ದೇ, ಅತ್ತಿಗೆ ಎದೆ ಬಡಿದುಕೊಂಡಳು. ಸಂಜೆಯೊಳಗೆ ಪೂಜಾರಿ ನರಸಯ್ಯ ಬಂದ. ದ್ಯಾವಯ್ಯನನ್ನು ಅಂಗಳದಲ್ಲಿ ಕೂರಿಸಿ, ನಿಂಬೆಹಣ್ಣು ಕೊಯ್ದು, ಬೇವಿನ ಸೊಪ್ಪಿನಿಂದ ತಲೆಯಿಂದ ಕಾಲಿನವರೆಗೆ ಹೊಡೆದ. ದ್ಯಾವಯ್ಯ ಬಾಯಿ ಬಿಟ್ಟು ವಿವರಿಸಲು ಹೋದರೆ, ಪೂಜಾರಿ "ನೋಡಿ, ಮಾತಾಡ್ತಾ ಅದೆ" ಅಂತ ಇನ್ನೆರಡು ಬಿಗಿದ.

"ಸುಮ್ಮನೆ ಹೊಡೆಸಿಕೊಂಡೆಯೇನಯ್ಯಾ?" ಅಂತ ಕೇಳಿದೆ.

"ಒಡೀಲಿ ಬುಡಿ. ನಾನು ಸಾಯ್ತೀನಿ ಅಂತ ನಮ್ಮಣ್ಣಂಗೆ ಅಷ್ಟು ಭಯ ಅದೆ ಅಂತ ನಂಗೆ ಗೊತ್ತೇ ಇರ್ನಿಲ್ಲ" ಅಂದ.

ಆಮೇಲೆ ಅವನು ಭಾನುವಾರಗಳಂದು ಹೆಂಚಿನ ಮನೆಗೆ ಹೋಗತೊಡಗಿದ. ಹಸು ಮಾರಿ ಮುಗಿದಿತ್ತು, ಆದರೂ ಹೋಗುತ್ತಿದ್ದ. ಅಲ್ಲಿ ಕೇಳಿದ್ದನ್ನು ಸಂತೆಯಲ್ಲಿ ನನ್ನ ಮುಂದೆ ಇಡುತ್ತಿದ್ದ, ಹಲ್ಲು ಹಿಡಿದು ಎತ್ತಿನ ವಯಸ್ಸು ನೋಡುವವನ ಹಾಗೆ. ನಾಗಮಂಗಲದಲ್ಲಿ ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು, ಅಬ್ರಹಾಮ ಅನ್ನುವ ಒಬ್ಬ ಮುದುಕನ ಕಥೆ ಹೇಳಿದ.

"ಅವನೂ ದನಕರ ಮಡಗಿದ್ದೋನೇ ಶೆಟ್ರೆ. ಮಕ್ಕಳಿಲ್ಲ. ದ್ಯಾವ್ರೇ ಅವನ್ತಾವ ಬಂದು, ನಿಂಗೆ ಮಕ್ಕಳು ಕೊಡ್ತೀನಿ, ನೆಲ ಕೊಡ್ತೀನಿ ಅಂತಾನೆ. ಅದ್ಕೆ ಒಡಂಬಡಿಕೆ ಅಂತಾರೆ ಅವ್ರು. ಆ ಸೀಮೇಲಿ ಇಬ್ರು ಮಾತು ಆಡ್ಕಂಡ್ರೆ ಕಡಸು ಕುಯ್ದು ಎಲ್ಡು ಪಾಲು ಮಾಡಿ ಎದುರುಬದುರು ಮಡಗಿ, ಇಬ್ರೂ ಮಧ್ಯ ನಡೀಬೇಕಂತೆ. ಮಾತು ತಪ್ಪಿದ್ರೆ ನನ್ಗೂ ಇದೇ ಗತಿ ಆಗ್ಲಿ ಅಂತ."

"ಕಟ್ಟುನಿಟ್ಟಿನ ವ್ಯಾಪಾರ."

"ಕೇಳಿ ಮತ್ತೆ. ಮುದುಕ ಎಲ್ಲಾ ಕುಯ್ದು ಮಡಗ್ದ. ಹದ್ದು ಬಂದ್ವು, ಓಡುಸ್ತಾ ಕೂತ. ಒತ್ತು ಮುಳುಗ್ತು. ಅವ್ನಿಗೆ ನಿದ್ದೆ ಬಂದ್ಬುಡ್ತು. ಆವಾಗ ದ್ಯಾವ್ರೊಬ್ನೇ, ಒಗೆ ಬೆಂಕಿ ಆಗಿ, ಆ ತುಂಡುಗಳ ಮಧ್ಯ ನಡದ. ಮುದುಕನ್ನ ಎಬ್ಬುಸ್ಲಿಲ್ಲ. ನೀನೂ ನಡಿ ಅನ್ಲಿಲ್ಲ."

"ಹಾಗಾದರೆ ಈ ಕಡೆಯಿಂದ ಕೈಯೇ ಬೀಳಲಿಲ್ಲ. ಅದು ವ್ಯಾಪಾರ ಅಲ್ಲವಯ್ಯಾ ದ್ಯಾವಯ್ಯ."

"ಅದೇ ಮತ್ತೆ. ವ್ಯಾಪಾರ ಅಲ್ಲ ಕಣ್ರೀ."

"ಮುದುಕ ಮಾಡಿದ್ದು ಏನು ಹಾಗಾದರೆ?"

"ನಂಬ್ದ" ಅಂದ. "ನಂಬಿ, ಹದ್ದು ಓಡುಸ್ದ."

ಹದ್ದು ಓಡಿಸುವ ಕೆಲಸ ಸಿಕ್ಕಿದರೆ ನನಗೂ ಒಂದು ಹೇಳು, ಬಿಸಿಲಿನಲ್ಲಿ ಹಗ್ಗ ಮಾರುವುದಕ್ಕಿಂತ ವಾಸಿ, ಅಂತ ನಾನಂದೆ. ನನಗೆ ಹೀಗಲ್ಲದೆ ಬೇರೆ ರೀತಿ ಮಾತು ಬರುವುದಿಲ್ಲ. ಅವನಿಗೂ ಅದು ಗೊತ್ತಿತ್ತು.

ಕೆಟ್ಟದ್ದೆಂದರೆ, ಅವನು ಸುಳ್ಳು ಹೇಳುವುದನ್ನು ಬಿಟ್ಟ. ಸುಳ್ಳು ಹೇಳದ ದಲ್ಲಾಳಿ ಅಂದರೆ ಮೀನು ತಿನ್ನದ ಕೊಕ್ಕರೆ. ಕೆರೆಯಲ್ಲಿ ನಿಂತಿರಬಹುದು, ಅಷ್ಟೆ. ಬೂಕನಕೆರೆಯಲ್ಲಿ ನಾಗರಾಜು ಅನ್ನುವವನ ಎತ್ತನ್ನು ತೋರಿಸುತ್ತ, ಕೊಳ್ಳಲು ಬಂದವನಿಗೆ "ಇಂದ್ಲ ಗೊರಸು ಮೆದು ಅದೆ, ಗಾಡಿಗೆ ಬ್ಯಾಡ" ಅಂದುಬಿಟ್ಟ. ನಾಗರಾಜು ಎತ್ತನ್ನು ಎಳೆದುಕೊಂಡು ಹೋಗುತ್ತ, "ನಿನ್ನ ದಲ್ಲಾಳಿ ಮಾಡ್ಕಳಾದೂ ಒಂದೇ, ಪೊಲೀಸ್ನೋರ್ನ ಕರಿಯಾದೂ ಒಂದೇ ಕಣ್ಲಾ" ಅಂದ. ಸಂತೆಯವರೆಲ್ಲ ನಕ್ಕರು. ವರ್ಷ ಕಳೆಯುವಷ್ಟರಲ್ಲಿ ದ್ಯಾವಯ್ಯನ ಟವೆಲು ಹೆಗಲಿನ ಮೇಲೆ ಬೆವರು ಒರೆಸುವುದಕ್ಕೆ ಮಾತ್ರ ಉಳಿಯಿತು. ಮನೆ ನಡೆದದ್ದು ಪುಟ್ಟಲಕ್ಷ್ಮಮ್ಮನ ಹಾಲಿನಿಂದ.

ಅವಳು ಗಂಡನ ದೇವರ ಕಡೆ ತಿರುಗಿಯೂ ನೋಡಲಿಲ್ಲ. ನದಿಯಲ್ಲಿ ಮುಳುಗಿಸಿ ದೀಕ್ಷೆ ಕೊಡಲು ಸಭೆಯವರು ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದ ದಿನ ನಾನು ಹಾಲಿನ ಹಸುವಿಗೆ ಕಣ್ಣಿ ಕೊಡಲು ಅವರ ಮನೆಗೆ ಹೋಗಿದ್ದೆ. ಅವಳು ಸಗಣಿ ತೆಗೆಯುತ್ತಿದ್ದಳು.

"ನೀನು ಹೋಗಲಿಲ್ಲವೇನಮ್ಮ?"

"ಮುಳುಗಾಕೆ ನಂಗೇನು ಬರ ಬಂದದೆ ಶೆಟ್ರೆ. ಅವ್ನು ಮೀಯ್ಲಿ ಬುಡಿ, ಇಂಗಾರ ಒಂದಿನ ಮೈ ತೊಳ್ಕತಾನೆ." ಮಂಕರಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ತಿರುಗಿ ನಿಂತು ಹೇಳಿದಳು: "ನನ್ ಮಗ ಅಷ್ಟು ಕೂಗ್ದಾಗ ಬರ್ದಿದ್ದ ದ್ಯಾವ್ರು, ಈಗ ಕರೀದೆ ಬಂದನಂತೆ. ಬರ್ಲಿ. ಜಗಲೀ ಮ್ಯಾಲೆ ಕೂತ್ಕಳ್ಳಿ. ನನ್ ಅಡುಗೆಮನೆಗೆ ಬ್ಯಾಡ."

ಹೆಣ್ಣುಮಗುವನ್ನೂ "ಮಗ" ಅಂತಲೇ ಕರೆಯುವುದು ನಮ್ಮ ಕಡೆ. ಅವಳು ಮಗುವಿನ ವಿಷಯ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದೀಕ್ಷೆಯಾದ ಮೇಲೆ ಶಿವಣ್ಣ ಹೊಲ ಪಾಲು ಮಾಡಿಸಿದ. ಜಗಳವಾಡಲಿಲ್ಲ. ಹಿರಿಯರನ್ನು ಕೂರಿಸಿ, ನಾಳೆ ಮನೆದೇವರ ಕಾರ್ಯಕ್ಕೆ ತಮ್ಮ ಬರುವುದಿಲ್ಲವೆಂದರೆ ಒಟ್ಟಿಗೆ ಇರುವುದು ಹೇಗೆ ಅಂತ ಕೇಳಿದ. ಹೊಂಗೆ ಮರದ ಮೂಲೆ ಶಿವಣ್ಣನ ಪಾಲಿಗೆ ಹೋಯಿತು. ಆ ಹೊತ್ತಿಗೆ ಅದನ್ನು ಯಾರೂ ಯೋಚಿಸಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಪುಟ್ಟಲಕ್ಷ್ಮಮ್ಮನಿಗೆ ರಕ್ತಸ್ರಾವ ಶುರುವಾಯಿತು. ಗರ್ಭಕೋಶದಲ್ಲಿ ಗಡ್ಡೆ. ಮೈಸೂರಿನಲ್ಲಿ ನೋಡಿದ ಡಾಕ್ಟರು, ತುಂಬ ತಡವಾಗಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ದ್ಯಾವಯ್ಯ ಹಸುಗಳನ್ನು ಮಾರಿದ. ಮಾರುವಾಗ ಅವುಗಳ ಐಬನ್ನೂ ಹೇಳಿದ. ಸಭೆಯವರು ಬಂದು ಮಂಚದ ಸುತ್ತ ನಿಂತು ಹಾಡುತ್ತಿದ್ದರು. ಅವಳು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ನಾನು ನೋಡಲು ಹೋದಾಗ ನನ್ನ ಮುಂದೆಯೇ ಗಂಡನಿಗೆ ಹೇಳಿದಳು. "ಮಗೀ ಪಕ್ಕದಾಗೆ ಮಲಗ್ಸು. ಅದು ಒಂಟಿಯಾಗಿ ಬೋ ದಿನ ಆಯ್ತು."

ಶಿವಣ್ಣನ ಹತ್ತಿರ ಮಾತಾಡಲು ದ್ಯಾವಯ್ಯ ನನ್ನನ್ನೇ ಕಳಿಸಿದ. ದಲ್ಲಾಳಿಗೆ ದಲ್ಲಾಳಿಯಾಗುವ ಯೋಗ ನನ್ನದು. ಶಿವಣ್ಣ ಪಂಪ್‌ಸೆಟ್ಟಿನ ಮನೆಯ ನೆರಳಿನಲ್ಲಿ ಕೂತಿದ್ದ. ನಾನು ಮಳೆ, ಕಬ್ಬು, ಫ್ಯಾಕ್ಟರಿ ಎಲ್ಲ ಸುತ್ತಿ ಬಂದು ವಿಷಯಕ್ಕೆ ಬಂದೆ.

"ನಾನೇನು ರಾಕ್ಷಸನಾ ಶೆಟ್ರೆ" ಅಂದ ಶಿವಣ್ಣ. "ಆಯಮ್ಮ ನಮ್ಮನೆಗೆ ಬಂದಾಗ ಲಂಗ ಉಟ್ಟಿದ್ದ ಕೂಸು. ಮಣ್ಣು ಕೊಡಾಕೆ ನಂಗೇನು. ಆದ್ರೆ ಆ ಒಲದಾಗೆ ನಮ್ಮಪ್ಪ ಅವ್ನೆ, ನಮ್ಮವ್ವ ಅವ್ಳೆ. ನಾಳೀಕೆ ಇವ್ನು ಅಲ್ಲಿ ಶಿಲುಬೆ ನೆಟ್ಟು, ವರ್ಸಕ್ಕೊಂದ್ಸಲ ಅವ್ರೆಲ್ಲ ಬಂದು ಪದ ಯೋಳ್ಕಂಡು ಕೂತ್ರೆ? ಊರೋರು ನನ್ನ ಉಗೀತಾರೆ."

"ಅವನು ಏನು ಮಾಡಬೇಕು, ಹೇಳು. ಒಂದು ಬೆಲೆ ಅಂತ ಇರುತ್ತದಲ್ಲ."

"ತಲೆ ಬೋಳುಸ್ಕಂಡು ಎಂಡ್ತಿ ಕಾರ್ಯ ನಮ್ ಕ್ರಮದಾಗೆ ಮಾಡ್ಲಿ. ತಿಥಿ ಊಟ ಆಕ್ಲಿ. ಅದ್ಕೂ ಮುಂಚೆ ನಾಕ್ ಜನದ ಮುಂದೆ ಬಂದು, ಆ ದ್ಯಾವ್ರನ್ನ ಬುಟ್ಟೆ ಅಂತ ಒಂದು ಮಾತು ಅನ್ಲಿ. ಅಷ್ಟೇಯ."

ನನ್ನ ಲೆಕ್ಕದಲ್ಲಿ ಇದು ಅಗ್ಗದ ಬೆಲೆ. ದ್ಯಾವಯ್ಯನಿಗೆ ಹಾಗೆಯೇ ಹೇಳಿದೆ. ಅವನು ಮೊದಲು ಉಪದೇಶಿಗಳ ಹತ್ತಿರ ಹೋದ, ನಾನೂ ಜೊತೆಗಿದ್ದೆ. ದೇವಮಿತ್ರ ಉಪದೇಶಿಗಳು ಒಳ್ಳೆಯವರು, ಆದರೆ ಒಳ್ಳೆಯವರಿಗೆ ಸಭೆ ಅಂತ ಒಂದಿರುತ್ತದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನೀವು ಆ ಶಾಸ್ತ್ರ ಎಲ್ಲ ಮಾಡಿದರೆ ಸಭೆಯವರು ಒಪ್ಪೋದಿಲ್ಲ, ದ್ಯಾವಯ್ಯನವರೆ. ನಿಮ್ಮನ್ನ ಹೊರಗಿಡಿ ಅಂತಾರೆ."

"ಅವ್ರು ಅನ್ಲಿ. ಅವನು ಏನಂತಾನೆ? ಸಂಚಕಾರ ವಾಪಸ್ ಇಸ್ಕತಾನಾ?"

ಉಪದೇಶಿಗಳು ಕನ್ನಡಕವನ್ನು ಹಾಕಿಕೊಳ್ಳದೆಯೇ ಹೇಳಿದರು, "ಕೊಟ್ಟದ್ದನ್ನ ವಾಪಸ್ ಕೇಳೋನಲ್ಲ ಅಂತಲೇ ನಾನು ಇಷ್ಟು ವರ್ಷ ಬೋಧಿಸಿದ್ದು."

ದ್ಯಾವಯ್ಯ ಎದ್ದ. ದಾರಿಯಲ್ಲಿ ನನಗೆ, ತಲೆ ಬೋಳಿಸಿಕೊಳ್ಳುತ್ತೇನೆ, ತಿಥಿ ಹಾಕುತ್ತೇನೆ ಅಂದ. "ಅವ್ಳ ದ್ಯಾವ್ರಿಗೆ ಅವ್ಳ ಕಾರ್ಯ. ನಾನ್ಯಾಕೆ ಅಡ್ಡ ಬರಾದು." ನನಗೆ ಸಮಾಧಾನವಾಯಿತು. ಬೆಲೆ ಕುದುರಿತು ಅಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಶಿವಣ್ಣನ ಜಗಲಿಯಲ್ಲಿ ನಾಲ್ಕು ಜನ ಸೇರಿದರು. ಪೂಜಾರಿ ನರಸಯ್ಯನೂ ಇದ್ದ. ದ್ಯಾವಯ್ಯ ಅಂಗಳದಲ್ಲಿ ನಿಂತು, ಅಣ್ಣ ಕೇಳಿದ ಒಂದೊಂದಕ್ಕೂ "ಆಗ್ಲಿ" ಅನ್ನುತ್ತ ಬಂದ. ಮುಡಿ ಕೊಡ್ತೀಯಾ? ಆಗ್ಲಿ. ಎಡೆ ಇಕ್ತೀಯಾ? ಆಗ್ಲಿ. ಶಿಲುಬೆ ಗಿಲುಬೆ ನೆಡಕೂಡ್ದು. ಆಗ್ಲಿ.

"ಸರಿ. ಬುಟ್ಟೆ ಅಂತ ಒಂದು ಮಾತು ಅಂದ್ಬುಡು ಮತ್ತೆ."

ನಾನು ಹಿಂದಿನಿಂದ ದ್ಯಾವಯ್ಯನ ಅಂಗಿ ಎಳೆದೆ. "ಅನ್ನಯ್ಯಾ. ಮಾತಿಗೇನು ತೂಕವೇ?"

"ಅಣ್ಣ" ಅಂದ ದ್ಯಾವಯ್ಯ. "ಕೈಯಾಗೆ ಇಡ್ಕಂಡಿರೋನು ಬುಟ್ಟೆ ಅನ್ಬೋದು. ನಾನು ಇಡ್ಕಂಡಿಲ್ಲ. ಅವನು ಇಡ್ಕಂಡವ್ನೆ. ನಾನು ಬುಟ್ಟೆ ಅಂದ್ರೆ ಸುಳ್ಳಾಯ್ತದೆ."

"ಸುಳ್ಳೇ ಅನ್ಲಾ!" ಶಿವಣ್ಣನ ದನಿ ಒಡೆಯಿತು. "ಸುಳ್ಳು ಅಂತ ಇಟ್ಕೊ. ಯಾರು ಬ್ಯಾಡ ಅಂದೋರು?"

"ಆಗಲ್ಲ ಕಣಣ್ಣ. ಬಾಯಿ ತೆಗುದ್ರೂ ಬರಾಕಿಲ್ಲ."

ಅವನು ಹಟ ಹಿಡಿದವನ ಹಾಗೆ ಕಾಣಲಿಲ್ಲ. ಹಟ ಹಿಡಿದವರನ್ನು ನಾನು ಸಂತೆಯಲ್ಲಿ ದಿನವೂ ನೋಡುತ್ತೇನೆ. ಅವರ ಗಂಟಲ ನರ ಉಬ್ಬಿರುತ್ತದೆ. ಇವನು ಗೂಟಕ್ಕೆ ಕಟ್ಟಿದ ಪ್ರಾಣಿಯ ಹಾಗೆ ನೆಲ ನೋಡಿಕೊಂಡು ನಿಂತಿದ್ದ. ಪೂಜಾರಿ ಎದ್ದು ಟವೆಲು ಕೊಡವಿದ. ಮಾತು ಮುರಿಯಿತು.

ಪುಟ್ಟಲಕ್ಷ್ಮಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ಸಣ್ಣ ಊರು, ಗೋಡೆಯಾಚೆಯಿಂದ ಎಲ್ಲ ಕೇಳಿತ್ತು. ನಾವು ಒಳಗೆ ಹೋದಾಗ ಅವಳು ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಗಂಡನನ್ನು ಬಯ್ಯಲಿಲ್ಲ. ಅವಳ ದನಿಯಲ್ಲಿ ಅಷ್ಟು ಕಸುವೂ ಇರಲಿಲ್ಲ.

"ಸಂತೇಲಿ ನೀನು ಎಷ್ಟು ಸುಳ್ ಯೋಳಿದೀಯ. ಯಾರ್ಯಾರಿಗೋ ಯೋಳಿದೀಯ. ನಂಗೋಸ್ಕರ ಒಂದು ಯೋಳಾಕಾಗ್ಲಿಲ್ವಾ?"

ಅವನು ಮಂಚದ ಕಾಲಿನ ಹತ್ತಿರ ಕೂತ. ಅವಳು ಆಮೇಲೆ ಅವನ ಜೊತೆ ಮಾತಾಡಲೇ ಇಲ್ಲ. ಗಂಜಿ ಕುಡಿಸಿದರೆ ಕುಡಿಯುತ್ತಿದ್ದಳು. ಆಷಾಢ ಕಳೆಯುವ ಮುಂಚೆ ಹೋಗಿಬಿಟ್ಟಳು.

ಊರಾಚೆ ಗೋಮಾಳದ ಅಂಚಿನಲ್ಲಿ, ಜಾಲಿ ಬೆಳೆದ ಜಾಗದಲ್ಲಿ, ಎಲ್ಲೂ ಮಣ್ಣು ಸಿಗದವರನ್ನು ಹೂಳುವ ತಾವು ಒಂದಿದೆ. ಅಲ್ಲಿ ಮಣ್ಣು ಮಾಡಿದೆವು. ದೀಕ್ಷೆಯಿಲ್ಲದವಳಿಗೆ ಸಭೆಯವರು ಹಾಡಲೋ ಬೇಡವೋ ಅಂತ ತೀರ್ಮಾನವಾಗದೆ ಸುಮ್ಮನೆ ನಿಂತರು. ಶಿವಣ್ಣನ ಮನೆಯವರು ದೂರದಲ್ಲಿ ನಿಂತಿದ್ದರು. ಅತ್ತಿಗೆ ಮಾತ್ರ ಓಡಿ ಬಂದು ಒಂದು ಹಿಡಿ ಮಣ್ಣು ಹಾಕಿ ಓಡಿಹೋದಳು. ದ್ಯಾವಯ್ಯ ತಲೆ ಬೋಳಿಸಿಕೊಂಡಿದ್ದ. ಯಾರೂ ಕೇಳಿರಲಿಲ್ಲ. ಅದನ್ನು ಕಂಡು ಸಭೆಯವರಿಗೂ ಮುನಿಸು, ಊರವರಿಗೂ ಮುನಿಸು. ಎರಡು ಕಡೆಯೂ ಒಟ್ಟಿಗೆ ನಷ್ಟ ಮಾಡಿಕೊಂಡ ದಲ್ಲಾಳಿಯನ್ನು ನಾನು ಅವನೊಬ್ಬನನ್ನೇ ಕಂಡದ್ದು.

ಆಮೇಲೆ ಸಂತೆಯಲ್ಲಿ ಅವನು ನನ್ನ ಗೋಣಿತಾಟಿನ ಮೂಲೆಯಲ್ಲಿ ಕೂರುತ್ತಿದ್ದ, ಆದರೆ ವ್ಯಾಪಾರ ಮಾ‍ಡುತ್ತಿರಲಿಲ್ಲ. ಊಟಕ್ಕೆ ಹೋಗುವವರ ದನಗಳನ್ನು ಹಿಡಿದುಕೊಂಡು ನಿಲ್ಲುತ್ತಿದ್ದ. ಅವರು ಏನಾದರೂ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ. ಭಾನುವಾರ ಹೆಂಚಿನ ಮನೆಯ ಒಳಗೆ ಹೋಗದೆ, ಮೊದಲ ದಿನದ ಹಾಗೆ ಜಗಲಿಯಲ್ಲಿ ಕೂತು ಬರುತ್ತಾನೆ ಅಂತ ಉಪದೇಶಿಗಳೇ ನನಗೆ ಹೇಳಿದರು. ಕರೆದರೆ "ಇಲ್ಲಿಗೂ ಕೇಳುಸ್ತದೆ" ಅನ್ನುತ್ತಾನಂತೆ.

ಒಂದು ದಿನ ನಾನು ಕೇಳಿದೆ. "ಮಾತಾಡುತ್ತಾನೇನಯ್ಯಾ ನಿನ್ನ ದೇವರು?"

"ಇಲ್ಲ."

"ಬರುವ ದಿನ ಅಂತ ಏನಾದರೂ ಹೇಳಿದ್ದನೇ, ಸಂಚಕಾರ ಕೊಡುವಾಗ?"

"ಯೋಳಿರ್ನಿಲ್ಲ." ಗೋಣಿತಾಟಿನ ಮೇಲಿನ ಒಂದು ಹಗ್ಗ ಎತ್ತಿಕೊಂಡು, "ಅವ್ಳು ಕೇಳಿದ್ದೇ ಕಿವೀಲಿ ಅದೆ ಶೆಟ್ರೆ. ಅವನ್ದು ಏನೂ ಕೇಳುಸ್ತಿಲ್ಲ" ಅಂದ. ನಾನು ಏನೋ ತಮಾಷೆ ಹುಡುಕಿದೆ. ಸಿಗಲಿಲ್ಲ.

ಮುಂದಿನ ವರ್ಷ ಬಿತ್ತನೆಗೆ ಮುಂಚೆ ಶಿವಣ್ಣ ನನ್ನ ಅಂಗಡಿಗೆ ಬಂದ. ಹಗ್ಗಗಳನ್ನು ಎಳೆದೆಳೆದು ನೋಡಿದ. ಟ್ರಾಕ್ಟರು ಬಂದ ಮೇಲೆ ಅವನ ಕೊಟ್ಟಿಗೆಯಲ್ಲಿ ಎತ್ತುಗಳೇ ಇರಲಿಲ್ಲ.

"ನಾಡಿದ್ದು ಟ್ರಾಕ್ಟರು ಬತ್ತದೆ. ಒಂಗೆ ಮರದ ಮೂಲೇನೂ ಉತ್ತಾಕುಸ್ತೀನಿ. ನಿಮ್ ದೋಸ್ತಿಗೆ ಯೋಳಿ, ಅಲ್ಲೇನಾರ ಬೇಕಿದ್ರೆ ಎತ್ಕಳ್ಳಿ ಅಂತ."

"ನೀನೇ ಹೇಳಬಹುದಲ್ಲ. ಗೋಡೆ ಪಕ್ಕ ಗೋಡೆ."

"ಅವನ ಜತೇಲಿ ನಂಗೆ ಮಾತಿಲ್ಲ" ಅಂದ. ಬೇಡದ ಒಂದು ಜೊತೆ ಕಣ್ಣಿ ಕೊಂಡು, ಚೌಕಾಸಿ ಮಾಡದೆ ಹೋದ. ಆ ಮೂಲೆಯಲ್ಲಿ ಮರದ ನೆರಳು, ಅಡಿಯಲ್ಲಿ ಬಂಡೆ; ಕಬ್ಬು ಅಲ್ಲಿ ಮೊಳಕಾಲುದ್ದವೂ ಏಳುವುದಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು.

ಮಾರನೆಯ ಬೆಳಿಗ್ಗೆ ನಾನೂ ದ್ಯಾವಯ್ಯನೂ ಹೋದೆವು. ಶಿವಣ್ಣ ಬದುವಿನ ಮೇಲೆ ನಮಗೆ ಬೆನ್ನು ಹಾಕಿ ನಿಂತಿದ್ದ. ದ್ಯಾವಯ್ಯ ಗುದ್ದಲಿ ಹಾಕಿದ. ಬೇರು ಬಂತು, ಕಲ್ಲು ಬಂತು, ಮತ್ತೆ ಬೇರು. ಅವನು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಇಡುತ್ತಿದ್ದ. ಏನೂ ಉಳಿದಿಲ್ಲವೇನೋ ಅಂತ ನನಗನಿಸಿತು. ಹಾಗೆ ಹೇಳಲೂ ಹೊರಟಿದ್ದೆ.

"ಇನ್ನೂ ವಸಿ ಕೆಳಕ್ಕೆ ಓಗು ಕಣ್ಲಾ" ಅಂತ ಬದುವಿನಿಂದ ದನಿ ಬಂತು. "ನರಿ ಕೆದುಕ್ತವೆ ಅಂತ ಆಳವಾಗೇ ತೋಡಿದ್ದೆ."

ದ್ಯಾವಯ್ಯ ಗುದ್ದಲಿ ನಿಲ್ಲಿಸಿ ಅಣ್ಣನ ಬೆನ್ನನ್ನು ನೋಡಿದ. ಶಿವಣ್ಣ ಇಳಿದು ಬಂದು, ತಮ್ಮನ ಕೈಯಿಂದ ಗುದ್ದಲಿ ಕಿತ್ತುಕೊಂಡು, ತಾನೇ ಅಗೆಯತೊಡಗಿದ. ಕಪ್ಪು ಬಳೆಯ ಒಂದು ಚೂರು ಬಂತು. ಆಮೇಲೆ ಸುಣ್ಣದ ಹಾಗೆ ಪುಡಿಯಾಗುವ ಒಂದೆರಡು ತುಣುಕು. ಅದು ಮೂಳೆಯೋ ಕಲ್ಲೋ ನಾನು ಆಣೆಯಿಟ್ಟು ಹೇಳಲಾರೆ. ದ್ಯಾವಯ್ಯ ಹೆಂಡತಿಯ ಹಳೆಯ ಸೀರೆಯ ತುಂಡಿನಲ್ಲಿ ಅದನ್ನೂ ಸುತ್ತಲಿನ ಮಣ್ಣನ್ನೂ ಕಟ್ಟಿ ಎತ್ತಿಕೊಂಡ. ಶಿವಣ್ಣ ಬದುವಿನ ತನಕ ಬಂದು, ಅಲ್ಲೇ ನಿಂತುಬಿಟ್ಟ.

ಗೋಮಾಳದಲ್ಲಿ ಜಾಲಿ ಮುಳ್ಳು ಸರಿಸಿ, ಪುಟ್ಟಲಕ್ಷ್ಮಮ್ಮನ ಎಡ ಪಕ್ಕಕ್ಕೆ ಸಣ್ಣ ಗುಂಡಿ ತೋಡಿ, ಗಂಟನ್ನು ಬಿಚ್ಚದೆ ಇಟ್ಟು ಮುಚ್ಚಿದ. ಮಂಡಿಯೂರಿ ನೆಲಕ್ಕೆ ಬಾಯಿ ಹಚ್ಚುವಷ್ಟು ಬಗ್ಗಿ, ಬಹಳ ಹೊತ್ತು ಏನೋ ಹೇಳಿಕೊಂಡ. ನಾನು ಟೋಪಿ ತೆಗೆದು ನಿಂತಿದ್ದೆ. ಬಿಸಿಲು ಏರುತ್ತಿತ್ತು.

ವಾಪಸು ಬರುವಾಗ ಕೇಳಿದೆ. "ದೇವರಿಗೆ ಏನು ಹೇಳಿದೆಯಯ್ಯಾ ಅಷ್ಟು ಹೊತ್ತು?"

"ಅವ್ನಿಗೆ ಏನೂ ಯೋಳ್ಲಿಲ್ಲ" ಅಂದ ದ್ಯಾವಯ್ಯ. "ಅವ್ಳಿಗೆ ಯೋಳ್ದೆ. ನೀನು ಓಗಾಕಾಗ್ಲಿಲ್ಲ, ಮಗಾನೇ ಬಂದದೆ, ವಸಿ ಅತ್ಲಾಗೆ ಜರುಗು ಅಂತ."